ಸ್ಪೇರಕ್ಕನ ಹೆಬ್ಬೆರಳು

ಸ್ಪೇರಕ್ಕನ ಎಡಗೈ ಹೆಬ್ಬೆರಳಿನ ಉಗುರು ಅರ್ಧ ವರ್ಷ ಕಪ್ಪಾಗಿಯೇ ಇತ್ತು. ಏನಾಯಿತೆಂದು ಕೇಳಿದವರಿಗೆಲ್ಲ ಅವಳು ಒಂದೊಂದು ಕಥೆ ಕಟ್ಟಿ ಹೇಳುತ್ತಿದ್ದಳು. ತರಕಾರಿಯವಳಿಗೆ ಬಾಗಿಲ ಸಂದಿಗೆ ಸಿಕ್ಕಿತು ಎಂದಳು. ಎದುರುಮನೆಯವಳಿಗೆ ಬೀರು ಸರಿಸುವಾಗ ಆಯಿತು ಎಂದಳು. ಬಸ್ಸಿನಲ್ಲಿ ಪಕ್ಕ ಕೂತ ಗುರುತು ಪರಿಚಯವಿಲ್ಲದ ಹೆಂಗಸಿಗೆ, ಅದು ಹುಟ್ಟಿದಾಗಿನಿಂದ ಹಾಗೇ ಎಂದು ರೈಲು ಬಿಟ್ಟಳು. ನಿಜ ಹೇಳಲು ನಾಚಿಕೆಯೇನೂ ಇರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಮೊದಲು ಚೋಕ್ ಎಂದರೆ ಏನು ಎಂದು ಹೇಳಬೇಕು, ಆಮೇಲೆ ಗಂಡನ ಕೈ ವಿಷಯ ಹೇಳಬೇಕು. ಬಸ್ಸು ಅಷ್ಟು ದೂರ ಹೋಗುವುದಿಲ್ಲ. ಇಲ್ಲಿ ಪುರುಸೊತ್ತಿದೆ, ಹೇಳಬಹುದು.

ಸ್ಪೇರಕ್ಕ ಎಂಬ ಹೆಸರು ತವರಿನವರು ಇಟ್ಟದ್ದಲ್ಲ, ಗುಜರಿಯವರು ಇಟ್ಟದ್ದು. ಅವಳ ಗಂಡ ಹಳೇ ಕಾರುಗಳ ಕಾರ್ಬುರೇಟರ್ ಮೇಸ್ತ್ರಿ. ಇಡೀ ಕಾರಿನ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ಬಾನೆಟ್ ಎತ್ತಿ, ಕಾರ್ಬುರೇಟರ್ ಬಿಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ತಂದು ಮನೆಯ ಮುಂದಿನ ಕೋಣೆಯ ಮೇಜಿನ ಮೇಲೆ ಇಡುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಆದರೆ ಅಂಗಡಿಯ ಮುಂದೆ ನಿಂತರೆ ಬಾಯಿಗೆ ಬೀಗ. ಅಂಗಡಿಯವನು ಹೇಳಿದ ಬೆಲೆಗೆ ತಲೆಯಾಡಿಸಿ, ಅವನು ಕೊಟ್ಟ ತಪ್ಪು ಸಾಮಾನನ್ನೇ ತಂದು, ವಾಪಸು ಕೊಡಲು ಸಂಕೋಚಪಟ್ಟು ಮಂಚದ ಕೆಳಗೆ ಬಚ್ಚಿಡುವ ಮನುಷ್ಯ. ಮದುವೆಯಾದ ಹೊಸತರಲ್ಲಿ ಅವಳು ಕಸ ಗುಡಿಸುತ್ತ ಮಂಚದಡಿಗೆ ಪೊರಕೆ ಹಾಕಿದರೆ ಗಣಗಣ ಎಂದು ಒಂದು ರಾಶಿ ಹಿತ್ತಾಳೆ ಸಾಮಾನು ಹೊರಗೆ ಬಂತು.

"ಇದೇನ್ರೀ ಇದು?"

"ತಪ್ಪು ಕೊಟ್ಬಿಟ್ಟ."

"ವಾಪಸ್ ಕೊಡೋಕೆ ಏನು ಧಾಡಿ?"

"ಪಾಪ, ಬೇಜಾರು ಮಾಡ್ಕೋತಾನೆ."

ಅವಳು ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಬೇಜಾರು ಮಾಡಿಕೊಂಡನೋ ಇಲ್ಲವೋ, ಅವಳು ಹೊರಡುವಾಗ ಎದ್ದು ನಿಂತಿದ್ದನಂತೂ ಹೌದು. ಅಂದಿನಿಂದ ರಿಪೇರಿ ಅವರದ್ದು, ಸ್ಪೇರು ತರುವುದು ಇವಳದ್ದು. ಎಲ್ಲೂ ಸಿಗದ ಸಾಮಾನು ಅವಳ ಕೈಗೆ ಸಿಗುತ್ತಿತ್ತು. ಮುರಿದ ಲಿವರನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದಳು. ಅವಳ ಕೈಚೀಲ ತೆಗೆದರೆ ಪೆಟ್ರೋಲು ಮೂಗಿಗೆ ಬಡಿಯುತ್ತಿತ್ತು. ಅಲ್ಲಿಂದ ತೆಗೆದು ಕೊಟ್ಟ ಪೆಪ್ಪರ್‌ಮೆಂಟನ್ನು ಮಕ್ಕಳು ಕೂಡ ಬೇಡ ಎನ್ನುತ್ತಿದ್ದವು.

ಇನ್ನು ಚೋಕ್. ಮಹಾ ದೊಡ್ಡ ವಿಷಯವೇನಲ್ಲ. ಹಳೇ ಕಾರಿನ ಎಂಜಿನ್ನಿಗೆ ಪೆಟ್ರೋಲು, ಗಾಳಿ ಎರಡನ್ನೂ ಬೆರೆಸಿ ಕೊಡುವುದು ಕಾರ್ಬುರೇಟರ್. ಅದರ ಬಾಯಲ್ಲಿ ಬಿಸ್ಕತ್ತಿನಷ್ಟು ಅಗಲದ ಒಂದು ಹಿತ್ತಾಳೆ ತಟ್ಟೆ ಇರುತ್ತದೆ. ಚಳಿಯ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟೇರಿಂಗಿನ ಪಕ್ಕದ ಗುಂಡಿ ಎಳೆದರೆ ಈ ತಟ್ಟೆ ಮುಚ್ಚಿಕೊಳ್ಳುತ್ತದೆ. ಗಾಳಿ ಕಡಿಮೆಯಾಗಿ, ಪೆಟ್ರೋಲು ಜಾಸ್ತಿಯಾಗಿ ಎಂಜಿನ್ ಏಳುತ್ತದೆ. ಬಿಸಿಯಾಗುತ್ತ ಬಂದ ಹಾಗೆ ಗುಂಡಿಯನ್ನು ಮೆಲ್ಲಗೆ ಒಳಗೆ ತಳ್ಳಬೇಕು. "ಚಳೀಲಿ ಮಲಗಿರೋ ಮಗೂನ ಎಬ್ಬಿಸೋವಾಗ ಹೊದಿಕೆ ಒಂದೇ ಸಲ ಕಿತ್ತು ಹಾಕ್ತೀವಾ? ಅಷ್ಟೇ ಲೆಕ್ಕ" ಎಂದು ಮೇಸ್ತ್ರಿ ಗಿರಾಕಿಗಳಿಗೆ ಹೇಳಿಕೊಡುತ್ತಿದ್ದರು.

ಆ ತಟ್ಟೆಯನ್ನು ಒಂದು ತೆಳು ಕಡ್ಡಿಗೆ ಎರಡು ಪುಟಾಣಿ ಸ್ಕ್ರೂಗಳು ಹಿಡಿದಿರುತ್ತವೆ. ಅವುಗಳಲ್ಲಿ ಒಂದು ಸಡಿಲವಾಗಿ ಉದುರಿದರೂ ನೇರ ಎಂಜಿನ್ನಿನ ಹೊಟ್ಟೆಗೆ. ಅದಕ್ಕೇ ಸ್ಕ್ರೂ ಬಿಗಿ ಮಾಡಿದ ಮೇಲೆ, ಆಚೆ ಬದಿಗೆ ಇಣುಕುವ ಅದರ ಬಾಲಕ್ಕೆ ಪಂಚ್ ಎಂಬ ಚೂಪು ಉಕ್ಕಿನ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದು ಅರಳಿಸಬೇಕು. ಅರಳಿದ ಬಾಲ ತಿರುಗಿ ಬರುವುದಿಲ್ಲ. ಉಳಿದ ಮೇಸ್ತ್ರಿಗಳು ಒಂದೇಟು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಪ್ರತಿ ಬಾಲಕ್ಕೂ ಎರಡೇಟು ಹಾಕಿ, ಎರಡು ಚುಕ್ಕೆ ಮೂಡಿಸುತ್ತಿದ್ದರು, ಒಂದರ ಪಕ್ಕ ಒಂದು.

"ಒಂದು ಸಾಲದಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಒಂದು ಗಾಡಿಗೆ. ಇನ್ನೊಂದು ಗಾಡೀಲಿ ಕೂತೋರಿಗೆ" ಎಂದಿದ್ದರು.

ಆ ಮಾತು ಕೇಳಿದ ದಿನ ಅವಳಿಗೆ ಈ ಬಾಯಿಯಿಲ್ಲದ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಅದು ಆಮೇಲೆ ಇಳಿಯಲೇ ಇಲ್ಲ ಎಂದರೂ ಸುಳ್ಳಲ್ಲ, ನಡುವೆ ಎಷ್ಟೇ ಜಗಳವಾಡಿದ್ದರೂ.

ನಡುಕ ಮೊದಲು ಕಾಣಿಸಿದ್ದು ಟೀ ಲೋಟದಲ್ಲಿ. ಮೇಸ್ತ್ರಿ ಲೋಟ ಎತ್ತುವಾಗ ಟೀ ತುಳುಕಿ ಅಂಗಿಯ ಮೇಲೆ ಬಿತ್ತು. ಮಾರನೇ ದಿನವೂ ಬಿತ್ತು. ಅವಳು ಏನೂ ಹೇಳದೆ ಅಂದಿನಿಂದ ಲೋಟ ಮುಕ್ಕಾಲಷ್ಟೇ ತುಂಬಿಸತೊಡಗಿದಳು. ಯಾಕೆ ಕಡಿಮೆ ಎಂದು ಅವರೂ ಕೇಳಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಪೂರ್ತಿ ಹೋಗುವಂಥದ್ದಲ್ಲ, ಜೊತೆಯಲ್ಲೇ ಇರುತ್ತದೆ ಎಂದರು. ಹಾಗೆ ಬೇಡದ ನೆಂಟ ಮನೆ ಸೇರಿಕೊಂಡ. ಮೇಸ್ತ್ರಿ ಮೇಜಿನ ಮುಂದೆ ಬೆನ್ನು ತಿರುಗಿಸಿ ಕೂತು ಕೆಲಸ ಮಾಡತೊಡಗಿದರು, ಕೈ ಯಾರಿಗೂ ಕಾಣದಿರಲಿ ಎಂದು.

ಹೀಗಿರುವಾಗಲೇ ನರ್ಸಮ್ಮನ ಕಾರಿನ ಚೋಕ್ ಕೆಲಸ ಬಂತು. ನರ್ಸಮ್ಮ ಎಂದರೆ ಪಕ್ಕದ ಬೀದಿಯವರು. ಆ ದುಂಡುಮೂತಿಯ ಹಳೇ ಕಾರಿನಲ್ಲಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದ ಕೈ ಅವರದ್ದು. ಕೆಲಸದಿಂದ ನಿವೃತ್ತರಾದ ಮೇಲೂ ನಡೆಯಲಾಗದ ಮುದುಕಿಯರನ್ನು ಬೆಳಗ್ಗೆ ಬೆಳಗ್ಗೆಯೇ ಆಸ್ಪತ್ರೆಗೆ ಕರೆದೊಯ್ಯುವುದು ಅದೇ ಕಾರು. ಮೇಸ್ತ್ರಿ ತಟ್ಟೆ ಕೂರಿಸಿದರು, ಸ್ಕ್ರೂ ಬಿಗಿದರು, ಒಂದು ಸ್ಕ್ರೂವಿಗೆ ಹೇಗೋ ಚುಕ್ಕೆ ಇಟ್ಟರು. ಇನ್ನೊಂದಕ್ಕೆ ಪಂಚ್ ಇಟ್ಟರೆ ಅದು ಜಾರುತ್ತದೆ, ಇಟ್ಟರೆ ಜಾರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆಯೋಣ ಎಂದುಕೊಂಡು ಪಕ್ಕಕ್ಕಿಟ್ಟರು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಒಂದು ಸಲ ಕೂಗಿದ್ದರೆ ಆಗುತ್ತಿತ್ತು. ಕೂಗಲಿಲ್ಲ. ಸಂಜೆ ನರ್ಸಮ್ಮ ಬಂದಾಗ ಅದು ಮರೆತೇ ಹೋಗಿ, ಹೊಡೆದಾಗಿದೆ ಎಂದೇ ನಂಬಿ ಕಾರ್ಬುರೇಟರನ್ನು ಕಾರಿಗೆ ಜೋಡಿಸಿ ಕಳಿಸಿದರು.

ಸ್ಕ್ರೂ ಉದುರಿತು. ಎಂಜಿನ್ ಒಳಗೆ ಹೋಗಿ ವಾಲ್ವು ಬಾಗಿಸಿ, ಪಿಸ್ಟನ್ನಿನ ತಲೆ ಕುಕ್ಕಿ, ಕಾರು ನಡುರಸ್ತೆಯಲ್ಲಿ ನಿಂತಿತು. ನರ್ಸಮ್ಮನಿಗೆ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಗೂ ಏನೂ ಆಗಲಿಲ್ಲ. ಆ ಅಜ್ಜಿ ಕಾರು ನಿಂತದ್ದೂ ತಿಳಿಯದೆ ನಿದ್ದೆ ಹೊಡೆಯುತ್ತಿದ್ದರಂತೆ. ಆದರೂ ವಿಷಯ ಕೇಳಿ ಮೇಸ್ತ್ರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ನರ್ಸಮ್ಮನ ಮನೆಗೆ ಹೋಗಿ ಕೈ ಮುಗಿದು ಬಂದರು. ಬಂದವರೇ ಒಂದು ಹಳೇ ದುಪ್ಪಟಿ ತೆಗೆದು ಮೇಜಿನ ಮೇಲೆ, ಅದರ ಮೇಲಿನ ಹತಾರಗಳ ಮೇಲೆ, ಎಲ್ಲದರ ಮೇಲೂ ಹೊದಿಸಿದರು.

"ಸಾಕು" ಎಂದರು. ಅಷ್ಟೇ.

ಆಮೇಲೆ ಅವರ ಜಾಗ ಕಿಟಕಿಯ ಪಕ್ಕದ ಕುರ್ಚಿ. ಹಿಂದೆಲ್ಲ ಬೀದಿಯಲ್ಲಿ ಹೋಗುವ ಕಾರಿನ ಸದ್ದು ಕೇಳಿಯೇ, ಇದಕ್ಕೆ ಗಾಳಿ ಜಾಸ್ತಿ, ಇದಕ್ಕೆ ಪೆಟ್ರೋಲು ಜಾಸ್ತಿ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ ಮನುಷ್ಯ ಈಗ ಕಾರು ಬಂದರೂ ಒಂದೇ, ಲಾರಿ ಬಂದರೂ ಒಂದೇ ಎಂಬಂತೆ ಕೂತಿರುತ್ತಿದ್ದರು. ಅವಳು ಪುಸಲಾಯಿಸಿದಳು, ರೇಗಿದಳು, ಮಾತು ಬಿಟ್ಟಳು. ಮಾತು ಬಿಟ್ಟದ್ದು ಅವರ ಗಮನಕ್ಕೇ ಬರಲಿಲ್ಲ, ಆಗ ಅವಳಿಗೆ ಇನ್ನೂ ಸಿಟ್ಟು ಬಂತು. ಅದೇ ಊರಿನಲ್ಲಿದ್ದ ಮಗಳು ವಾರಕ್ಕೊಮ್ಮೆ ಬಂದು, "ಅಪ್ಪ ಆರಾಮಾಗಿ ಕೂತಿರಲಿ ಬಿಡಮ್ಮ, ಈ ವಯಸ್ಸಲ್ಲಿ ಯಾಕೆ" ಎಂದು ಹೇಳಿ ಹೋಗುತ್ತಿದ್ದಳು. ಆರಾಮಾಗಿ ಕೂತಿದ್ದರೆ ಸ್ಪೇರಕ್ಕನ ತಕರಾರೇನೂ ಇರಲಿಲ್ಲ. ಅವರು ಆರಾಮಾಗಿರಲಿಲ್ಲ. ಆ ದುಪ್ಪಟಿಯ ಕಡೆ ಬೆನ್ನು ಮಾಡಿ ಕೂತಿದ್ದರು. ತನ್ನ ಗಂಡ ಮತ್ತೆ ಆ ಮೇಜಿನ ಮುಂದೆ ಕೂರಬೇಕು. ಅವಳಿಗೆ ಬೇಕಾದದ್ದು ಇದೊಂದೇ, ಅದಕ್ಕಾಗಿ ಏನು ಮಾಡಲೂ ಅವಳು ತಯಾರಿದ್ದಳು, ಏನು ಮಾಡಬೇಕೆಂದು ಮಾತ್ರ ತಿಳಿದಿರಲಿಲ್ಲ.

ಚಳಿ ಶುರುವಾದ ಮೇಲೆ ಒಂದು ದಿನ ನರ್ಸಮ್ಮ ಬಂದರು. ಅವರ ಎಂಜಿನ್ನನ್ನು ಬೇರೆ ಯಾವುದೋ ಗ್ಯಾರೇಜಿನಲ್ಲಿ ಸರಿ ಮಾಡಿದ್ದರು. ಆದರೆ ಅಲ್ಲಿಯವರು, ಈ ಚೋಕಿನ ಸಹವಾಸವೇ ಬೇಡ ಎಂದು ತಟ್ಟೆ, ಕಡ್ಡಿ, ಲಿವರು ಎಲ್ಲ ಕಿತ್ತೆಸೆದು, ತೂತಿಗೆ ಬೆಣೆ ಜಡಿದು ಕಳಿಸಿದ್ದರು.

"ಬೆಳಗ್ಗೆ ಹೊತ್ತು ಏಳೋದೇ ಇಲ್ಲ ಅಂತ ಕೂತಿದೆ" ಎಂದರು ನರ್ಸಮ್ಮ. "ತಳ್ಳೋಕೆ ಮುದುಕೀರನ್ನ ಇಳಿಸಕ್ಕಾಗುತ್ತಾ? ನನಗೆ ಹಳೇ ಚೋಕ್ ಬೇಕು ತಾಯಿ. ಮೇಸ್ತ್ರಿಗಳೇ ಮಾಡ್ಬೇಕು."

ಒಳಗಿನಿಂದ ಮೇಸ್ತ್ರಿಯ ದನಿ ಬಂತು. "ಇವಳೇ, ಆ ಕೆಲಸ ಬಿಟ್ಟಾಯ್ತು ಅಂತ ಹೇಳು."

"ನೀವೇ ಬಂದು ಹೇಳಿ" ಎಂದಳು ಅವಳು. ಯಾರೂ ಬರಲಿಲ್ಲ. ಅವಳು ನರ್ಸಮ್ಮನಿಗೆ ಮೆಲ್ಲಗೆ, "ಸಾಮಾನು ಹುಡುಕಿ ತರ್ತೀನಿ, ಶನಿವಾರ ಗಾಡಿ ತಗೊಂಬನ್ನಿ" ಎಂದಳು. ಮುಂದೇನು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಹಳೇ ಸ್ಪೇರು ಅಂಗಡಿಗಳಲ್ಲಿ ಆ ಕಾರಿನ ಚೋಕ್ ಎಂದರೆ ಮುಖ ಮುಖ ನೋಡಿದರು. ಒಬ್ಬ ಹುಡುಕುವ ನಾಟಕ ಮಾಡಿ ಬಂದು ಇನ್ಯಾವುದೋ ತಟ್ಟೆ ತೋರಿಸಿದ. "ಇದು ನಮ್ಮಜ್ಜಿ ಡಬ್ಬಿ ಮುಚ್ಚಳ, ಇಟ್ಕೊಳಪ್ಪ" ಎಂದು ಅವಳು ಹೊರಬಿದ್ದಳು. ಕೊನೆಗೆ ಉಳಿದದ್ದು ರೈಲು ಹಳಿಯ ಆಚೆಯ ಗುಜರಿ. ಅದರ ಯಜಮಾನನನ್ನು ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಏನು ಕೊಟ್ಟರೂ ಮೊದಲು ತೂಕಕ್ಕೆ ಇಡುವುದು ಅವನ ಚಾಳಿ.

"ಬನ್ನಿ ಅಕ್ಕ. ಹೆಂಗೂ ಭಾನುವಾರ ನಾನೇ ಬರೋನಿದ್ದೆ ಮನೆಗೆ."

"ಯಾಕಪ್ಪ?"

"ಮೇಸ್ತ್ರಿಗಳು ಫೋನ್ ಮಾಡಿದ್ರಲ್ಲ. ಮೇಜು, ಹತಾರ, ಡಬ್ಬಿ, ಎಲ್ಲಾ ತುಂಬ್ಕೊಂಡು ಹೋಗು ಅಂದ್ರು. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು" ಎಂದಳು. ಆಮೇಲೆ ಅಲ್ಲೇ ಬಿದ್ದಿದ್ದ ಕಾರಿಲ್ಲದ ಕಾರು ಸೀಟಿನ ಮೇಲೆ ಕುಳಿತಳು. ಭಾನುವಾರ ಎಂದರೆ ನರ್ಸಮ್ಮ ಗಾಡಿ ತರುವ ಶನಿವಾರದ ಮಾರನೇ ದಿನ. ಇಷ್ಟು ವರ್ಷ ಜೊತೆಗಿದ್ದು, ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೂಡ ಹೆಂಡತಿಯನ್ನೇ ಕೇಳುವ ಮನುಷ್ಯ ಇದನ್ನು ಹೇಳದೆ ಮಾಡಿದ್ದಾರೆ. ಅಳು ಬಂತು. ಗುಜರಿಯಲ್ಲಿ ಕೂತು ಅತ್ತರೆ ತಕ್ಕಡಿ ಅದನ್ನೂ ತೂಕಕ್ಕಿಟ್ಟಾನು ಎಂದು ನುಂಗಿಕೊಂಡಳು.

ಎದ್ದು, ಮೂಲೆಯ ಒಡೆದ ಸ್ನಾನದ ತೊಟ್ಟಿಯಲ್ಲಿ ಸುರಿದಿದ್ದ ಕಾರ್ಬುರೇಟರ್‌ಗಳ ರಾಶಿಗೆ ಕೈ ಹಾಕಿದಳು. ಒಂದರ ಕಾಲು ಮುರಿದಿತ್ತು, ಒಂದರ ಬಾಯಿ ಸೀಳಿತ್ತು. ತಳದಲ್ಲಿ, ನರ್ಸಮ್ಮನ ಕಾರಿನದ್ದೇ ಜಾತಿಯ ಒಂದು ಸಿಕ್ಕಿತು. ಮೈ ಬಿರುಕು ಬಿಟ್ಟು ಕೆಲಸಕ್ಕೆ ಬಾರದಂತಿತ್ತು, ಚೋಕ್ ಮಾತ್ರ ಹಾಗೇ ಇತ್ತು. ತಟ್ಟೆ ಮುಚ್ಚಿ ತೆರೆದು ನೋಡಿದಳು, ಸಲೀಸಾಗಿ ಆಡಿತು. ಮಡ್ಡಿ ಎಷ್ಟು ಕಟ್ಟಿತ್ತೆಂದರೆ ಒಳಗೇನೂ ಕಾಣುತ್ತಿರಲಿಲ್ಲ. ಸ್ಕ್ರೂ ಬಿಗಿಯಾಗಿದೆಯೇ ಎಂದು ತಟ್ಟೆಯ ಹಿಂಬದಿಗೆ ಹೆಬ್ಬೆರಳು ಆಡಿಸಿದಳು. ಬೆರಳು ನಿಂತಿತು. ಇನ್ನೊಮ್ಮೆ ಆಡಿಸಿದಳು. ಬಾಲದ ಮೇಲೆ ಎರಡು ಚುಕ್ಕೆ, ಒಂದರ ಪಕ್ಕ ಒಂದು. ಇನ್ನೊಂದು ಸ್ಕ್ರೂವಿನ ಮೇಲೂ ಹಾಗೇ.

"ಇದು ಯಾವ ಗಾಡೀದು?"

"ಗಾಡಿ ಎಲ್ಲುಳೀತಕ್ಕ? ತುಕ್ಕು ತಿಂದು ಹಿಟ್ಟಿನ ಥರ ಉದುರ್ತಿತ್ತು. ಇದೊಂದು ಉಳೀತು" ಎಂದು ತಕ್ಕಡಿ ಒಂದು ಬೆಲೆ ಹೇಳಿದ. ಅವಳು ಚೌಕಾಸಿ ಮಾಡದೆ ಅಷ್ಟನ್ನೂ ಕೊಟ್ಟಳು. ಅವನಿಗೆ ಗಾಬರಿಯಾಯಿತು. "ಅಕ್ಕ, ಮೈಗೆ ಹುಷಾರಿದೆ ತಾನೆ?" ಎಂದು ಹಳಿಯವರೆಗೂ ಹಿಂದೆ ಬಂದ.

ಮನೆಯ ಬಚ್ಚಲಲ್ಲಿ ಕೂತು ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಅವಳು ಅದನ್ನು ತಿಕ್ಕಿ ಬೆಳಗಿದಳು. ಮುಕ್ಕಾಲು ಲೋಟ ಟೀ ಜೊತೆಗೆ ಅದನ್ನೂ ಒಯ್ದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಏನಿದು?"

"ಚೋಕ್ ಸರಿ ಇದ್ಯಾ ನೋಡಿ. ಬೇರೆ ಏನೂ ಮಾಡ್ಬೇಡಿ. ನೋಡಿ, ಅಷ್ಟೇ."

ಅವರು ಮುಟ್ಟಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು. ಕೈ ನಲ್ಲಿಯ ಕೆಳಗೆ, ಕಿವಿ ಮುಂದಿನ ಕೋಣೆಯಲ್ಲಿ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಟಕ್ ಎಂದಿತು. ತಟ್ಟೆ ಮುಚ್ಚಿದ ಸದ್ದು. ಮತ್ತೆ ಟಕ್.

ಅವಳು ಕೈ ಒರೆಸಿಕೊಳ್ಳುತ್ತ ಬಂದಾಗ ಅವರು ಕಾರ್ಬುರೇಟರನ್ನು ಬೆಳಕಿಗೆ ಹಿಡಿದಿದ್ದರು.

"ಇದು ನಂದು" ಎಂದರು.

"ಹೌದಾ?"

"ಅಲ್ಲಾಡಿಲ್ಲ. ಸ್ಕ್ರೂ. ಒಂಚೂರೂ ಅಲ್ಲಾಡಿಲ್ಲ."

ಅವಳ ಜೀವ ಒಂದು ಕ್ಷಣ ಹಗುರವಾಯಿತು. ಆದರೆ ಅವರು ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, "ಆಗ ಕೈ ಸರಿ ಇತ್ತು" ಎಂದು ಮತ್ತೆ ಬೀದಿಯ ಕಡೆ ತಿರುಗಿಬಿಟ್ಟರು.

ತಾನು ಮಾಡಿದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತೆಂದು ಅವಳಿಗೆ ಆಗ ಹೊಳೆಯಿತು. ಹೊಳೆದದ್ದೇ ತಡ, ತಡೆದಿಟ್ಟುಕೊಂಡಿದ್ದ ಸಿಟ್ಟು ಬಾಯಿಗೆ ಬಂತು.

"ಭಾನುವಾರ ತಕ್ಕಡಿ ಬರ್ತಾನಂತಲ್ಲ."

ಅವರು ತಿರುಗಲಿಲ್ಲ. "ನಿನಗೆ ಹೇಳೋಣ ಅಂತಿದ್ದೆ."

"ಯಾವಾಗ? ಮೇಜು ಗಾಡಿ ಹತ್ತಿದ ಮೇಲಾ?"

"ಅದನ್ನ ನೋಡ್ತಾ ಕೂರೋಕೆ ಆಗಲ್ಲ ಕಣೇ ನನಗೆ." ದನಿ ಸಣ್ಣಗಿತ್ತು. "ದುಪ್ಪಟಿ ಹಾಕಿದ್ರೂ ಕಾಣುತ್ತೆ."

ಅವಳ ಸಿಟ್ಟು ಅಲ್ಲೇ ಅರ್ಧ ಕರಗಿತು. ಆದರೂ ಬಿಡಲಿಲ್ಲ. "ಸರಿ. ಹೋಗಲಿ ಎಲ್ಲಾ. ಆದ್ರೆ ಶನಿವಾರ ನರ್ಸಮ್ಮನ ಗಾಡಿಗೆ ಚೋಕ್ ಹಾಕಿ ಆಮೇಲೆ ಹೋಗಲಿ. ನಾನೇ ಹಾಕ್ತೀನಿ. ನೀವು ಬಾಯಲ್ಲಿ ಹೇಳಿ ಸಾಕು. ಬಾಯೇನೂ ನಡುಗಲ್ವಲ್ಲ."

ಶನಿವಾರ ಬೆಳಗ್ಗೆ ನರ್ಸಮ್ಮನ ಕಾರನ್ನು ಅಕ್ಕಪಕ್ಕದವರು ತಳ್ಳಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. ಸ್ಪೇರಕ್ಕ ಸೆರಗು ಬಿಗಿದು ಕಾರ್ಬುರೇಟರ್ ಬಿಚ್ಚಿ ತಂದು, ದುಪ್ಪಟಿಯನ್ನು ಸರಕ್ಕನೆ ಎಳೆದು ಹಾಕಿ, ಮೇಜಿನ ಮುಂದೆ ತಾನೇ ಕೂತಳು. ಮೊದಲು ಗುಜರಿಯ ಕಾರ್ಬುರೇಟರಿನ ಆ ಎರಡು ಸ್ಕ್ರೂಗಳ ಬಾಲವನ್ನು ಅರದಿಂದ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ತಟ್ಟೆ ಬಿಡುವುದಿಲ್ಲ. ಆ ಚುಕ್ಕೆಗಳ ಮೇಲೆ ಅರ ಇಟ್ಟವಳು ಹಾಗೇ ಕೈ ತಡೆದಳು.

"ಉಜ್ಜು" ಎಂದರು ಮೇಸ್ತ್ರಿ ಕಿಟಕಿಯಿಂದ. "ಉಜ್ಜದೆ ಹೋದ್ರೆ ಬರಲ್ಲ."

ಉಜ್ಜಿದಳು. ತಟ್ಟೆ ಬಂತು, ಕಡ್ಡಿ ಬಂತು, ಲಿವರು ಬಂತು. ನರ್ಸಮ್ಮನ ಕಾರ್ಬುರೇಟರಿಗೆ ಜಡಿದಿದ್ದ ಬೆಣೆ ಕೀಳುವಾಗ ಮೇಸ್ತ್ರಿ, "ಹಾಗಲ್ಲ, ಒಳಗಿಂದ ಹೊರಕ್ಕೆ" ಎಂದರು. ಅಷ್ಟರಲ್ಲಿ ಅವರ ಕುರ್ಚಿ ಕಿಟಕಿ ಬಿಟ್ಟು ಕೋಣೆಯ ನಡುವೆ ಬಂದಿತ್ತು. ಕಡ್ಡಿ ತೂರಿಸುವಾಗ ಇನ್ನೂ ಹತ್ತಿರ ಬಂತು. ಒಂದು ಮೂಲೆಯಲ್ಲಿ ಕೂತಿದ್ದ ನರ್ಸಮ್ಮ ಅದನ್ನು ನೋಡಿಯೂ ನೋಡದವರಂತೆ ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ಓದುತ್ತಿದ್ದರು. ಅದು ಹೋದ ವರ್ಷದ ಕ್ಯಾಲೆಂಡರು.

"ತಟ್ಟೆ ಮುಚ್ಚಿ ಬೆಳಕಿಗೆ ಹಿಡಿ. ಸುತ್ತ ಒಂದೇ ಸಮ ಬೆಳಕು ಕಾಣ್ಬೇಕು, ಕೂದಲೆಳೆಯಷ್ಟು."

"ಕಾಣುತ್ತೆ."

"ಎಲ್ಲಿ ಕಾಣುತ್ತೆ, ಕೊಡು ಇಲ್ಲಿ" ಎಂದು ಅವರು ಕಿತ್ತುಕೊಂಡರು. ಒಂದು ಕಣ್ಣು ಮುಚ್ಚಿ ನೋಡಿ, ನಡುಗುವ ಬೆರಳಿನಿಂದಲೇ ತಟ್ಟೆಯ ಅಂಚನ್ನು ಚೂರು ಸರಿಸಿ, "ಈಗ ಬಿಗಿ ಮಾಡು" ಎಂದು ವಾಪಸು ಕೊಟ್ಟರು.

ಅವಳು ಹೊಸ ಸ್ಕ್ರೂ ಬಿಗಿದಳು. ಉಳಿದದ್ದು ಅದೊಂದೇ ಕೆಲಸ, ಬಾಲ ಅರಳಿಸುವುದು.

ಕಾರ್ಬುರೇಟರಿನ ಮೈ ಮೆದು ಲೋಹದ್ದು. ವೈಸಿನ ಇಕ್ಕಳಕ್ಕೆ ಕೊಟ್ಟು ಬಿಗಿದರೆ ಬಿರುಕು ಬಿಡುತ್ತದೆ. ಕಡ್ಡಿಯ ಕೆಳಗೆ ಒಂದು ಹಿತ್ತಾಳೆ ತುಂಡು ಆನಿಸಿ ಕೈಯಲ್ಲೇ ಅದುಮಿ ಹಿಡಿಯಬೇಕು. ಮೇಸ್ತ್ರಿಗಾದರೆ ಅದನ್ನು ಹೊಟ್ಟೆಗೆ ಒತ್ತಿಕೊಂಡು ಎಲ್ಲವನ್ನೂ ಎರಡೇ ಕೈಯಲ್ಲಿ ನಿಭಾಯಿಸುವ ಅಭ್ಯಾಸ. ಅವಳಿಗೆ ಬಲಗೈ ಅದುಮಲು ಬೇಕು, ಎಡಗೈ ಪಂಚ್ ಹಿಡಿಯಲು ಬೇಕು. ಸುತ್ತಿಗೆಗೆ ಇನ್ನೊಂದು ಕೈ ಬೇಕು.

"ನಾನು ಹೊಡೀಲಾ?" ಎಂದು ನರ್ಸಮ್ಮ ಎದ್ದರು. ಸ್ಪೇರಕ್ಕ ಅವರನ್ನು ಒಂದು ಸಲ ನೋಡಿದಳು. ನರ್ಸಮ್ಮ ಹಾಗೇ ಕೂತುಬಿಟ್ಟರು. "ಅಯ್ಯೋ, ಕನ್ನಡಕ ತಂದಿಲ್ಲ ನೋಡಿ" ಎಂದರು. ಕನ್ನಡಕ ತಲೆಯ ಮೇಲೇ ಇತ್ತು.

"ಹೊಡೀರಿ" ಎಂದಳು ಅವಳು ಗಂಡನಿಗೆ.

"ನಿನ್ನ ಹೆಬ್ಬೆರಳಿದೆ ಅಲ್ಲಿ."

"ಗೊತ್ತು. ನನ್ನ ಕೈಗೇ ಅಂಟ್ಕೊಂಡಿದೆ."

"ಹುಚ್ಚಾ ನಿನಗೆ?"

"ಹೊಡೀರಿ ಅಂದೆ."

ಅವರು ಸಣ್ಣ ಸುತ್ತಿಗೆ ತೆಗೆದುಕೊಂಡರು. ಅದು ಗಾಳಿಯಲ್ಲಿ ನಡುಗಿತು. ಅವರು ಹಲ್ಲು ಕಚ್ಚಿ ಹೊಡೆದರು. ಸುತ್ತಿಗೆ ಪಂಚ್ ಬಿಟ್ಟು ಅವಳ ಉಗುರಿನ ಮೇಲೆ ಬಿತ್ತು.

ಕಣ್ಣ ಮುಂದೆ ನಕ್ಷತ್ರ ಕಂಡವು. ಕಣ್ಣಲ್ಲಿ ನೀರು ತಾನಾಗಿ ಇಳಿಯಿತು. ಪಂಚ್ ಬಿಟ್ಟರೆ ಜಾರಿ ತಟ್ಟೆಗೆ ಗೀರು ಬೀಳುತ್ತದೆ, ಅದಕ್ಕೇ ಬಿಡಲಿಲ್ಲ. ಮೇಸ್ತ್ರಿ ಸುತ್ತಿಗೆಯನ್ನು ಮೇಜಿನ ಮೇಲೆ ಎಸೆದು ಮುಖ ಮುಚ್ಚಿಕೊಂಡರು.

"ಹೇಳಿದ್ನಲ್ಲ ನಾನು. ಹೇಳಿದ್ನಲ್ಲ."

"ರೀ, ಇಲ್ಲಿ ನೋಡಿ." ಅವಳ ದನಿ ಒಡೆದಿತ್ತು. "ನನ್ನ ಕೈ ಇಲ್ಲೇ ಇದೆ. ನಾನು ತೆಗೆಯಲ್ಲ. ಹೀಗೇ ಹಿಡ್ಕೊಂಡು ಕೂತಿರ್ತೀನಿ. ನಾಳೆ ತಕ್ಕಡಿ ಬಂದು ಮೇಜಿನ ಜೊತೆ ನನ್ನನ್ನೂ ಇಟ್ಟು ತೂಗಲಿ."

ಅವರು ಮುಖದಿಂದ ಕೈ ತೆಗೆದರು. ಅವಳನ್ನು ನೋಡಿದರು, ಕೆಂಪಾಗಿ ಊದುತ್ತಿದ್ದ ಬೆರಳನ್ನು ನೋಡಿದರು. ನರ್ಸಮ್ಮ ತಮ್ಮ ಚೀಲದಿಂದ ಹತ್ತಿ, ಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೂತಲ್ಲಿಂದ ಮಾತ್ರ ಏಳಲಿಲ್ಲ.

ಮೇಸ್ತ್ರಿ ಕುರ್ಚಿಯನ್ನು ಅವಳ ಕುರ್ಚಿಗೆ ತಾಗಿಸಿ ಎಳೆದುಕೊಂಡರು. ಮೊಣಕೈ ಮೇಜಿಗೆ ಊರಿದರು. ಬಲ ಮಣಿಕಟ್ಟನ್ನು ತಂದು ಅವಳ ಎಡ ಮಣಿಕಟ್ಟಿನ ಮೇಲೆ ಒರಗಿಸಿದರು. ಅವರ ನಡುಕವೆಲ್ಲ ಅವಳ ತೋಳಿಗೆ ಇಳಿಯಿತು. ಇಷ್ಟು ದಿನ ಇವರು ಇಷ್ಟು ಭಾರ ಹೊತ್ತು ತಿರುಗುತ್ತಿದ್ದರೇ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳು ತೋಳನ್ನು ಇನ್ನಷ್ಟು ಗಟ್ಟಿಯಾಗಿ ಊರಿದಳು. ಮೆಲ್ಲಗೆ ಕೈ ಒಂದು ಹದಕ್ಕೆ ಬಂತು. ನಡುಕ ಹೋಗಲಿಲ್ಲ, ಆದರೆ ಸುತ್ತಿಗೆಗೆ ದಾರಿ ಕಂಡಿತು.

ಟಕ್.

"ಒಂದು ಗಾಡಿಗೆ" ಎಂದರು ಅವರು, ತಮಗೇ ಎಂಬಂತೆ. ಅವಳು ಪಂಚನ್ನು ಪಕ್ಕಕ್ಕೆ ಸರಿಸಿ ಹಿಡಿದಳು. ಟಕ್.

"ಒಂದು ಗಾಡೀಲಿ ಕೂತೋರಿಗೆ" ಎನ್ನುತ್ತ ಅವರು ನರ್ಸಮ್ಮನ ಕಡೆ ತಿರುಗಿದರು.

"ಮೇಸ್ತ್ರಿಗಳೇ" ಎಂದರು ನರ್ಸಮ್ಮ, "ಸ್ಕ್ರೂ ಬಿದ್ದಿದ್ದಕ್ಕೆ ನಾನು ಒಂದು ದಿನವೂ ಬೇಜಾರು ಮಾಡ್ಕೊಂಡಿಲ್ಲ. ನೀವು ನನ್ನ ಕಂಡ್ರೆ ಬೀದಿ ಬದಲಾಯಿಸ್ತಿದ್ರಲ್ಲ, ಅದಕ್ಕೆ ಬೇಜಾರಾಗಿತ್ತು. ಈಗ ಇನ್ನೊಂದು ಸ್ಕ್ರೂ ಮುಗಿಸಿ, ಪಾಪ ಆ ಬೆರಳು ನೋಡ್ಬೇಕು ನಾನು."

ಇನ್ನೊಂದಕ್ಕೂ ಎರಡು ಚುಕ್ಕೆ ಬಿದ್ದವು. ಹಳೆಯವುಗಳಷ್ಟು ಅಚ್ಚುಕಟ್ಟಾಗಿರಲಿಲ್ಲ, ಒಂದು ಚೂರು ಓರೆಯಾಗಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಲು ನೋಡಿದರು. ಸ್ಕ್ರೂ ಜಗ್ಗಲಿಲ್ಲ.

ಕಾರನ್ನು ಅಂದು ಅಲ್ಲೇ ಬಿಟ್ಟರು, ರಾತ್ರಿಯೆಲ್ಲ ತಣ್ಣಗಾಗಲಿ ಎಂದು. ಭಾನುವಾರ ಬೆಳಗ್ಗೆ ಬಾಯಲ್ಲಿ ಹೊಗೆಯಾಡುವಷ್ಟು ಚಳಿ. ನರ್ಸಮ್ಮ ಒಳಗೆ ಕೂತು ಗುಂಡಿ ಎಳೆದು ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿ ಎದ್ದಿತು. "ಈಗ್ಲೇ ತಳ್ಬೇಡಿ. ಇರಿ. ಇರಿ. ಹ್ಞಾಂ, ಈಗ ಸ್ವಲ್ಪ" ಎನ್ನುತ್ತ ಮೇಸ್ತ್ರಿ ಬಾನೆಟ್ಟಿಗೆ ಕಿವಿಗೊಟ್ಟು ನಿಂತಿದ್ದರು. ಪಟ್ಟಿ ಸುತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡು ಸ್ಪೇರಕ್ಕ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

ಅದೇ ಹೊತ್ತಿಗೆ ತಕ್ಕಡಿಯ ಗೂಡ್ಸ್ ಗಾಡಿ ಬಂದು ನಿಂತಿತು. "ಎಲ್ಲಿದೆ ಮೇಸ್ತ್ರಿಗಳೇ, ಮೇಜು?"

ಮೇಸ್ತ್ರಿಯ ಸಂಕೋಚದ ಸ್ವಭಾವ ಎಲ್ಲಿ ಹೋಗಬೇಕು? ಹೆಂಡತಿಯ ಕಡೆ ನೋಡಿದರು. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು. ಕೊನೆಗೆ ಅವರೇ ಗಂಟಲು ಸರಿ ಮಾಡಿಕೊಂಡರು. "ಮೇಜು ಕೊಡಲ್ಲ. ನಿನ್ನ ಆ ತೊಟ್ಟೀಲಿ ಇಂಥವು ಇನ್ನೂ ಇವ್ಯಾ?"

"ಇದ್ದಾವು. ಆದ್ರೆ ರೇಟು..."

"ರೇಟು ಇವಳ ಹತ್ರ ಮಾತಾಡು" ಎಂದರು ಮೇಸ್ತ್ರಿ. ತಕ್ಕಡಿಯ ಮುಖ ಬಾಡಿತು.

ಅಂದಿನಿಂದ ಅವರಿಬ್ಬರೂ ಮೇಜಿನ ಮುಂದೆ ಕುರ್ಚಿಗೆ ಕುರ್ಚಿ ತಾಗಿಸಿ ಕೂರುತ್ತಾರೆ. ಕೆಲಸ ನಿಧಾನ, ಬರುವುದೂ ಕಡಿಮೆ. ಪಂಚ್ ಅವಳ ಕೈಯಲ್ಲಿ, ಸುತ್ತಿಗೆ ಅವರ ಕೈಯಲ್ಲಿ. ಅವಳ ಉಗುರು ಕಪ್ಪಾಗಿ, ಬುಡದಿಂದ ಬಿಳಿ ಬೆಳೆದು ಬಂದು, ಕಪ್ಪು ಮೆಲ್ಲಮೆಲ್ಲಗೆ ತುದಿಯ ಕಡೆ ಸರಿಯಿತು. ಅದರ ಹಿಂದೆ ಹೊಸ ಕಪ್ಪು ಬೀಳಲಿಲ್ಲ. ತುದಿಯಲ್ಲಿ ಒಂದು ಗೆರೆಯಷ್ಟು ಉಳಿದ ಮೇಲೂ ಅವಳು ಅದನ್ನು ಕತ್ತರಿಸಲಿಲ್ಲ. ಯಾಕೋ ಮನಸ್ಸು ಬರಲಿಲ್ಲ.

ಒಂದು ಮಧ್ಯಾಹ್ನ ಮೇಸ್ತ್ರಿ ಅದನ್ನು ನೋಡಿ, ಡ್ರಾಯರಿನಿಂದ ಉಗುರು ಕತ್ತರಿಸುವ ಕಟರ್ ತೆಗೆದರು.

"ಕೊಡು ಇಲ್ಲಿ ಕೈ."

"ನಾನೇ ತಕ್ಕೋತೀನಿ ಬಿಡಿ."

"ಕೊಡು ಅಂದೆ."

ಅವಳು ಕೈ ಚಾಚಿದಳು. ಅವರು ಎಂದಿನಂತೆ ತಮ್ಮ ಮಣಿಕಟ್ಟನ್ನು ಅವಳ ಮಣಿಕಟ್ಟಿನ ಮೇಲೆ ಒರಗಿಸಿದರು. ಕಟರಿನ ಬಾಯಿ ಉಗುರಿನ ಬಳಿ ಸಣ್ಣಗೆ ನಡುಗುತ್ತಿತ್ತು.

"ಚುಚ್ಚೀತು, ನಿಧಾನ" ಎಂದಳು ಅವಳು ತಮಾಷೆಗೆ.

"ಚುಚ್ಚಲ್ಲ" ಎಂದರು ಅವರು.

ಚುಚ್ಚಲಿಲ್ಲ.